ಪೈಲ್ವಾನರಿಗೆ ಕೇಳಿದ ಪ್ರಶ್ನೆ

ನನ್ನ ತಮ್ಮ ಮೂರನೆಯ ಸುತ್ತಿನಲ್ಲೇ ನೆಲ ಕಚ್ಚುತ್ತಾನೆಂದು ನನಗೆ ಮೊದಲು ತಿಳಿಸಿದವರು ಒಬ್ಬ ಗಣಿತದ ಮಾಸ್ತರರು. ಬೆಳಗಾವಿಯಿಂದ ಬೆಳಿಗ್ಗೆ ಹೊರಡುವ ಪ್ಯಾಸೆಂಜರ್ ರೈಲು ಇನ್ನೂ ದೇಸೂರು ಮುಟ್ಟಿರಲಿಲ್ಲ. ಅವರು ಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶ ಓದುವ ದನಿಯಲ್ಲಿ ಅದನ್ನು ಹೇಳಿದರು. ಎದುರಿನ ಸೀಟಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತ ಹೆಂಗಸು ಆ ಹುಡುಗನ ಅಕ್ಕ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಸುಲಿಯುವುದನ್ನು ಮುಂದುವರಿಸಿದೆ.

ಎರಡು ಸಾವಿರದ ಇಸವಿಯ ಆಚೀಚಿನ ಮಾತಿದು. ನಾನು ಖಾನಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಮನೆ ಬೆಳಗಾವಿಯ ಕ್ಯಾಂಪಿನಲ್ಲಿ, ಸೈನ್ಯದವರ ವಸತಿಯ ನಡುವೆ, ಅಪ್ಪನ ಜೊತೆ. ಹೆಂಗಸರು ಬೇರೆ ಬೋಗಿಯಲ್ಲಿ ಕೂರುತ್ತಿದ್ದರು. ಅಲ್ಲಿ ಅತ್ತೆ ಸೊಸೆಯರ ವಿಚಾರ ಬಿಟ್ಟು ಬೇರೆ ಮಾತಿರಲಿಲ್ಲ. ನನಗೆ ಮದುವೆಯಾಗಿರಲಿಲ್ಲವಾದ್ದರಿಂದ ಎರಡೂ ಪಕ್ಷದವರು ನನ್ನನ್ನೇ ನ್ಯಾಯ ಕೇಳುತ್ತಿದ್ದರು. ಬೇಸತ್ತು ಗಂಡಸರ ನಡುವೆ ಬಂದು ಕೂತೆ. ಅಲ್ಲಿ ಯಾರೂ ನನ್ನ ಅಡ್ಡಹೆಸರು, ಮನೆತನ ಕೇಳಲಿಲ್ಲ. ‘ಟೈಪ್ ಬಾಯಾರು’ ಎಂದರೆ ಮುಗಿಯಿತು.

ಪತ್ರಿಕೆಯಲ್ಲಿ ಬಂದದ್ದು ಆರೇ ಸಾಲು. ಬೆಳಗಾವಿ ಜಿಲ್ಲೆಯ ಬಾಕ್ಸರ್ ಒಬ್ಬ ಬ್ಯಾಂಕಾಕಿನಲ್ಲಿ ವಿಶ್ವ ಪಟ್ಟಕ್ಕಾಗಿ ಅಲ್ಲಿಯ ಚಾಂಪಿಯನ್ ಜೊತೆ ಸೆಣಸಲಿದ್ದಾನೆ ಎಂದಿತ್ತು. ಬಾಕ್ಸಿಂಗಿನಲ್ಲಿ ವಿಶ್ವ ಪಟ್ಟ ಕೊಡುವ ಸಂಸ್ಥೆಗಳು ಹಲವು, ಅವುಗಳಲ್ಲಿ ಇದು ತೀರ ಚಿಕ್ಕದು ಎಂದು ತಮ್ಮ ನನಗೆ ಮೊದಲೇ ಹೇಳಿದ್ದ. ರೈಲಿನವರಿಗೆ ಅದು ತಿಳಿದಿರಲಿಲ್ಲ. ವಿಶ್ವ ಒಂದೇ ಇರುವಾಗ ಪಟ್ಟವೂ ಒಂದೇ ಎಂದುಕೊಂಡಿದ್ದರು. ಅದನ್ನು ತಪ್ಪೆನ್ನಲಾಗದು.

ಅವನು ನನ್ನ ತಮ್ಮ ಎಂದು ಅಂದೇ ಹೇಳಿಬಿಡಬಹುದಿತ್ತು. ಆದರೆ ಮಾಸ್ತರರು ಆಗಲೇ ಅವನನ್ನು ಮೂರನೆಯ ಸುತ್ತಿನಲ್ಲಿ ಬೀಳಿಸಿಬಿಟ್ಟಿದ್ದರು, ಅವರಿಗೆ ಮುಜುಗರವಾದೀತು ಎಂದು ಸುಮ್ಮನಾದೆ. ಮಾರನೆಯ ದಿನ ಅವರು ಇನ್ನಷ್ಟು ಯೋಚಿಸಿ ಎರಡನೆಯ ಸುತ್ತಿಗೆ ಬಂದಿದ್ದರು. ಒಂದು ವಾರ ಕಳೆದ ಮೇಲೆ ಹೇಳುವುದೆಂದರೆ ಇಷ್ಟು ದಿನ ಕದ್ದು ಕೇಳುತ್ತಿದ್ದೆ ಎಂದು ಒಪ್ಪಿಕೊಂಡಂತೆ. ಕೆಲವು ಮಾತುಗಳು ಹೀಗೆಯೇ ಹಳಸಿಹೋಗುತ್ತವೆ.

ವಾದಕ್ಕೆ ಮುಖ್ಯವಾಗಿ ಮೂವರು. ಮಾಸ್ತರರು ಬೆಳಗಾವಿಯವರು, ಖಾನಾಪುರದ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರು. ಎರಡನೆಯವರು ಪೈಲ್ವಾನರು. ಹರೆಯದಲ್ಲಿ ತಾಲೀಮಿನ ಮಣ್ಣಿನಲ್ಲಿ ಹೊರಳಿದವರು, ಈಗ ಸರ್ವೆ ಖಾತೆಯಲ್ಲಿ ಸರಪಳಿ ಹಿಡಿದು ಹೊಲ ಅಳೆಯುತ್ತಿದ್ದರು. ಕುಸ್ತಿಯಲ್ಲಿ ಜಜ್ಜಿ ಜಜ್ಜಿ ಅವರ ಕಿವಿಗಳೆರಡೂ ಒಣ ಅಂಜೂರದ ಹಾಗೆ ಮುದುಡಿದ್ದವು. ಸಿಟ್ಟು ಬಂದರೆ ಮರಾಠಿ, ಸಮಾಧಾನವಾದರೆ ಕನ್ನಡ. ಮೂರನೆಯವರು ಖಾನಾಪುರದ ದವಾಖಾನೆಯ ಕಂಪೌಂಡರ್. ಅವರು ಮಾತು ಕಡಿಮೆ ಆಡುತ್ತಿದ್ದರು, ಆಡಿದ್ದು ಸಾಮಾನ್ಯವಾಗಿ ನಿಜವಿರುತ್ತಿತ್ತು. ಹಾಗಾಗಿ ಅವರನ್ನು ಯಾರೂ ಹೆಚ್ಚು ಕೇಳುತ್ತಿರಲಿಲ್ಲ.

ಮೊದಲ ವಾರ ಹುಡುಗ ಯಾವ ಊರಿನವನು ಎಂಬುದರಲ್ಲೇ ಹೋಯಿತು.

“ಅಂವಾ ನಮ್ಮ ಖಾನಾಪುರದಾಂವ್ರಿ. ಅವರಪ್ಪನ ಊರು ಜಾಂಬೋಟಿ ಕಡೇದು. ಕುರಿ ಕಾಯೂ ಮಂದಿ,” ಎಂದರು ಪೈಲ್ವಾನರು.

“ಬಾಕ್ಸಿಂಗ್ ಎಲ್ಲೆ ಕಲ್ತ? ಕ್ಯಾಂಪಿನ್ಯಾಗ. ಬೆಳಗಾವಿಯಾಂವ,” ಎಂದರು ಮಾಸ್ತರರು.

ಹೀಗೆ ದಿನಾ ಅವನನ್ನು ಬೆಳಗಾವಿಗೆ ಸೇರಿಸಿಕೊಂಡು, ಅಲ್ಲಿಂದ ಬ್ಯಾಂಕಾಕಿಗೆ ಕಳಿಸಿ, ಸೋಲಿಸಿ, ಮಾಸ್ತರರು ಖಾನಾಪುರದಲ್ಲಿ ಇಳಿದುಹೋಗುತ್ತಿದ್ದರು.

ಇಬ್ಬರು ಹೇಳಿದ್ದೂ ಖರೆ. ನಮ್ಮಜ್ಜನ ತನಕ ಕುರಿ. ಅಪ್ಪ ಕುರಿ ಬಿಟ್ಟು ಕ್ಯಾಂಪಿಗೆ ಬಂದು ಹಳೆಯ ಬಂಗಲೆಯೊಂದರಲ್ಲಿ ಮಾಲಿಯಾದ. ಅವ್ವ ಬೇಗ ತೀರಿಕೊಂಡಳು, ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ಕ್ಯಾಂಪಿನ ಮೈದಾನದಲ್ಲಿ ಸೈನ್ಯದವರು ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರು, ಕಲಿಯುವವರಿಗೆ ದಿನಾ ಹಾಲು ಮತ್ತು ಎರಡು ಮೊಟ್ಟೆ. ನನ್ನ ತಮ್ಮ ಬಾಕ್ಸಿಂಗಿಗೆ ಸೇರಿದ್ದು ಮೊಟ್ಟೆಗೆ. ಮನೆಯಲ್ಲಿ ಅಭ್ಯಾಸ ಮಾಡಬೇಕಾದಾಗ ನಾನು ಹೊದೆಯುವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಹಿಡಿದು ನಿಲ್ಲುತ್ತಿದ್ದೆ, ಅವನು ಅದಕ್ಕೆ ಗುದ್ದುತ್ತಿದ್ದ. ಎರಡು ವರ್ಷ ನನಗೆ ಎದೆನೋವು. ಅವನ ಎಡಗೈ ಯಾವಾಗ ಬರುತ್ತದೆ, ಬಲಗೈ ಯಾವಾಗ ಬರುತ್ತದೆ ಎಂಬುದು ನನ್ನ ಪಕ್ಕೆಲುಬಿಗೆ ಬಾಯಿಪಾಠವಾಗಿತ್ತು. ಆ ಬೋಗಿಯಲ್ಲಿ ಬಾಕ್ಸಿಂಗ್ ಗೊತ್ತಿದ್ದವಳು ನಾನೊಬ್ಬಳೇ. ಮಾತಾಡದವಳೂ ನಾನೊಬ್ಬಳೇ.

ಮಾಸ್ತರರ ವಾದವೆಲ್ಲ ಅಳತೆಯದು. ಚಾಂಪಿಯನ್ನನ ಕೈ ನಮ್ಮವನ ಕೈಗಿಂತ ಎರಡು ಇಂಚು ಉದ್ದ ಎಂದು ಎಲ್ಲೋ ಓದಿದ್ದರು.

“ಎರಡ ಇಂಚು ಅಂದ್ರ ಸಣ್ಣ ಮಾತಲ್ರಿ. ಇವನ ಗುದ್ದು ಅವನ ಮೂಗಿನ ಮುಂದ ನಿಲ್ತೈತಿ. ಅವನ ಗುದ್ದು ಇವನ ಮೂಗಿನ ಹಿಂದ ನಿಲ್ತೈತಿ.”

ಪೈಲ್ವಾನರು ಇಂಚನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೊಲ ಅಳೆಯುವವರಿಗೆ ಎರಡು ಇಂಚು ಬದುವಿನಲ್ಲಿ ಕಳೆದುಹೋಗುತ್ತದೆ. ಅವರಿಗೆ ಗೊತ್ತಿದ್ದದ್ದು ಒಂದೇ ನಿಯಮ. “ಬೀಳ್ಲಿ ಬಿಡ್ರಿ. ಬೆನ್ನಿಗೆ ಮಣ್ಣ ಹತ್ತೂತನಕ ಸೋತಂಗಲ್ಲ.”

“ಪೈಲ್ವಾನ್ರ, ಅಲ್ಲೆ ಮಣ್ಣ ಇಲ್ರಿ. ಬಿದ್ದ್ರ ಹತ್ತ ಎಣಸ್ತಾರ. ಏಳಲಿಲ್ಲಂದ್ರ ಮುಗೀತು.”

“ಬೋರಲ ಬಿದ್ದ್ರೂ ಎಣಸ್ತಾರ?”

“ಹೆಂಗ ಬಿದ್ದ್ರೂ ಎಣಸ್ತಾರ.”

ಪೈಲ್ವಾನರು ಇಡಲಹೊಂಡ ಸ್ಟೇಷನ್ ದಾಟುವವರೆಗೆ ಯೋಚಿಸಿದರು. “ಹಂಗಾರ ಅದು ಆಟ ಅಲ್ರಿ ಸರ, ಲೆಕ್ಕ. ಅದಕ್ಕ ನಿಮಗ ತಿಳಿತೈತಿ, ನನಗ ತಿಳಿಯಂಗಿಲ್ಲ,” ಎಂದರು. ಆದರೂ ಹುಡುಗ ಗೆಲ್ಲುತ್ತಾನೆ ಎಂಬ ಮಾತನ್ನು ಬಿಡಲಿಲ್ಲ. ಅವರಿಗೆ ಕಾರಣ ಬೇಕಿರಲಿಲ್ಲ. ನಮ್ಮ ಕಡೆಯ ಹುಡುಗ ಎಂದರೆ ಸಾಕಿತ್ತು. ಈ ಮಾತಿಗಾಗಿ ನಾನು ಅವರನ್ನು ಮನಸ್ಸಿನಲ್ಲೇ ತುಂಬ ಪ್ರೀತಿಸುತ್ತಿದ್ದೆ.

ಆಟಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ತಮ್ಮ ನಾಲ್ಕು ದಿನದ ಮಟ್ಟಿಗೆ ಮನೆಗೆ ಬಂದ. ಬಾಕ್ಸಿಂಗಿನ ಮೇಲೆಯೇ ಸೈನ್ಯ ಸೇರಿದ್ದ ಅವನು ಅದನ್ನು ಬಿಟ್ಟ ಮೇಲೆ ಮುಂಬೈಯಲ್ಲಿ ಆಡುತ್ತಿದ್ದ. ಮೊದಲ ದಿನ ಊಟಕ್ಕೆ ಕೂತಾಗ ತಂಬಿಗೆಯಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದ. ಮಜ್ಜಿಗೆ ಲೋಟದ ಪಕ್ಕ ನೆಲಕ್ಕೆ ಹೋಯಿತು. ನಕ್ಕ. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಂಡ. ಹುಟ್ಟಿದ ಮನೆಯ ಬಾಗಿಲು ಅದು, ಕತ್ತಲಲ್ಲೂ ಓಡಾಡಿದ್ದು.

ಅಪ್ಪ ಗಿಡಗಳಿಗೆ ನೀರು ಬಿಡಲು ಹೋದದ್ದು ನೋಡಿ ಅವನನ್ನು ಹಿಡಿದು ಕೂರಿಸಿದೆ. ಬಲಗಣ್ಣು ಮುಚ್ಚಲು ಹೇಳಿ ಎಡಗಣ್ಣಿನ ಮುಂದೆ ಕೈ ಹಿಡಿದೆ.

“ಎಷ್ಟ ಬೆರಳು?”

“ಮೂರು.”

ನಾನು ಬೆರಳೇ ಬಿಚ್ಚಿರಲಿಲ್ಲ. ಅದು ಮುಷ್ಟಿ.

ಆಮೇಲೆ ಎಲ್ಲ ಹೇಳಿದ. ಕಣ್ಣಿನ ಹಿಂದಿನ ಪರದೆ ಗುದ್ದು ತಿಂದು ತಿಂದು ಸಡಿಲಾಗಿದೆಯಂತೆ. “ಡಾಕ್ಟರ್ ಏನಂದ್ರು?” ಎಂದು ಕೇಳಿದೆ.

“ಯಾವ ಡಾಕ್ಟರು? ಒಬ್ಬಾಂವ ಆಡಬ್ಯಾಡ ಅಂದಾನ. ಇನ್ನೊಬ್ಬಾಂವ ಸಹಿ ಮಾಡಿ ಕೊಟ್ಟಾನ.”

“ಆಡಬ್ಯಾಡ ಅಂದಾಂವ ಯಾಕಂದ?”

“ಮ್ಯಾಲ ಇನ್ನೊಂದ ನಾಕ ಪೆಟ್ಟ ಬಿದ್ದ್ರ ಆ ಕಣ್ಣ ಹೋಗತೈತಿ ಅಂದ.” ಅನ್ನ ಇನ್ನೂ ಬೆಂದಿಲ್ಲ ಎನ್ನುವ ಧಾಟಿಯಲ್ಲಿ ಹೇಳಿದ. “ಇದೊಂದ ಆಟ ಅಕ್ಕಾ. ಇದೊಂದ ಆದಮ್ಯಾಲ ಬಿಟ್ಟ ಬಿಡ್ತೀನಿ. ಅಪ್ಪಗ ಹೇಳಬ್ಯಾಡ, ನನ್ನ ಆಣಿ ಐತಿ.” ನನ್ನ ಕೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

ಹೊರಡುವಾಗ, ಏನಾದರೂ ಬೇಕಾದರೆ ಇರಲಿ ಎಂದು, ಆಟ ಗೊತ್ತುಮಾಡಿದ ಮುಂಬೈಯ ಮನುಷ್ಯನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಅಂದರೆ ತಡೆಯುವುದು ನನಗೆ ಒಂದು ಫೋನಿನ ಕೆಲಸ. ಹುಡುಗನ ಕಣ್ಣು ಸರಿಯಿಲ್ಲ ಎಂದರೆ ಅವರು ಬೇರೆಯವನನ್ನು ನೋಡಿಕೊಳ್ಳುತ್ತಿದ್ದರು. ಖಾನಾಪುರದ ರೈಲು ನಿಲ್ದಾಣದಿಂದ ಕಚೇರಿಯವರೆಗಿನ ದಾರಿಯಲ್ಲಿ ಐದು ಎಸ್‌ಟಿಡಿ ಬೂತುಗಳಿದ್ದವು. ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ದಿನಾ ಐದನ್ನೂ ದಾಟಿದೆ, ಸಂಜೆ ವಾಪಸ್ಸು ಬರುವಾಗ ಮತ್ತೆ ದಾಟಿದೆ.

ಆಣೆಗೆ ಹೆದರಿ ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ನನಗೆ ಆ ಪಟ್ಟ ಬೇಕಿತ್ತು. ನಮ್ಮ ಮನೆಯ ಬಗ್ಗೆ ಅಲ್ಲಿಯವರೆಗೆ ಯಾರೂ ಯಾವ ರೈಲಿನಲ್ಲೂ ಮಾತಾಡಿರಲಿಲ್ಲ. ಮಾಲಿಯ ಮನೆ ಎಂದರೆ ಬಂಗಲೆಯ ಹಿಂದೆ, ನೀರಿನ ಟಾಕಿಯ ಬಾಜೂ. ಈಗ ದಿನಾ ಬೆಳಿಗ್ಗೆ ಓದಿದ ಜನ ಅದರ ಬಗ್ಗೆ ಜಗಳಾಡುತ್ತಿದ್ದರು. ಗೆದ್ದು ಬಂದ ಮೇಲೆ ನಾನು ಬೆಳ್ಳುಳ್ಳಿ ಕೆಳಗಿಟ್ಟು, “ಅಂವಾ ನಮ್ಮ ತಮ್ಮ್ರಿ,” ಎಂದು ಹೇಳುವ ದಿನವನ್ನು ಎಷ್ಟೋ ಸಲ ಮನಸ್ಸಿನಲ್ಲಿ ಆಡಿ ನೋಡಿದ್ದೆ. ಮಾಸ್ತರರ ಮುಖ ಹೇಗಾಗುತ್ತದೆ ಎಂಬುದನ್ನೂ ಗೊತ್ತುಮಾಡಿಟ್ಟಿದ್ದೆ.

ಆದರೂ ಯಾರನ್ನಾದರೂ ಒಂದು ಮಾತು ಕೇಳಬೇಕೆನಿಸಿತು. ಅಪ್ಪನನ್ನು ಕೇಳುವಂತಿರಲಿಲ್ಲ. ಕಂಪೌಂಡರ್ ರಜೆ ಹಾಕಿದ್ದ ದಿನ, ಮಾಸ್ತರರು ತೂಕಡಿಸುತ್ತಿದ್ದಾಗ, ಪೈಲ್ವಾನರನ್ನು ಕೇಳಿದೆ.

“ಪೈಲ್ವಾನ್ರ, ಒಂದ ಮಾತ ಕೇಳ್ಲಿ?”

ಟೈಪ್ ಬಾಯಾರು ಬಾಯಿ ಬಿಟ್ಟದ್ದಕ್ಕೆ ಅವರಿಗೆ ಆಶ್ಚರ್ಯವಾಯಿತು. “ಕೇಳ ತಂಗಿ.”

“ಒಬ್ಬಾವಗ ಒಂದ ಕಣ್ಣ ಮಂಜ ಐತಿ ಅಂತ ತಿಳಕೊಳ್ರಿ. ಅಂವನ್ನ ಅಖಾಡಾಕ್ಕ ಇಳಸಬಹುದನ್ರಿ?”

ಪೈಲ್ವಾನರು ಮನಸಾರೆ ನಕ್ಕರು. “ಕುಸ್ತಿಗೆ ಕಣ್ಣ ಯಾಕ ಬೇಕ ತಂಗಿ? ಒಮ್ಮೆ ಕೈಗೆ ಕೈ ಕೂಡಿತಂದ್ರ ಮುಗೀತು, ಮೈನ ಕಣ್ಣು. ಎದುರಿನಾಂವ ಎತ್ತಾಗ ಹೊಳ್ಳತಾನ ಅನ್ನೂದು ನಮ್ಮ ಚರ್ಮಕ್ಕ ತಿಳಿತೈತಿ. ನಮ್ಮ ಉಸ್ತಾದರು ಕಣ್ಣಿಗೆ ಅರಬಿ ಕಟ್ಟಿ ಆಡಸ್ತಿದ್ರು. ಇಳಸ್ರಿ, ಧೈರ್ಯಾಲೆ ಇಳಸ್ರಿ.”

ಅವರು ಹೇಳಿದ್ದು ಕುಸ್ತಿಯ ಮಟ್ಟಿಗೆ ಅಕ್ಷರಶಃ ನಿಜ. ಅಲ್ಲಿ ಮೈಗೆ ಮೈ ಅಂಟಿರುತ್ತದೆ. ಬಾಕ್ಸಿಂಗಿನಲ್ಲಿ ಗುದ್ದು ದೂರದಿಂದ ಬರುತ್ತದೆ, ಬರುವುದು ಕಾಣಬೇಕು. ಎರಡು ವರ್ಷ ಕೌದಿ ಹಿಡಿದು ನಿಂತವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಅಂದು ಐದು ಬೂತುಗಳನ್ನು ಹಗುರಾಗಿ ದಾಟಿದೆ. ಸಂಜೆ ಮನೆಗೆ ಹೋಗಿ ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಆಟ ಭಾನುವಾರ ನಡೆಯಿತು. ಬಾಜೂ ಮನೆಯ ಫೋನಿಗೆ ತಮ್ಮನೇ ಕರೆ ಮಾಡಿದ. ಎರಡು ಸಲ ಬಿದ್ದೆ, ಎರಡೂ ಸಲ ಎದ್ದೆ, ಹನ್ನೆರಡು ಸುತ್ತೂ ನಿಂತೆ, ಅಂಕದ ಮೇಲೆ ಸೋತೆ ಎಂದ.

“ಕಣ್ಣು?”

“ಊದೈತಿ. ಇಳೀಲಿ, ನೋಡೂಣು.”

ಸೋಮವಾರ ರೈಲಿನಲ್ಲಿ ಪೈಲ್ವಾನರು ಪೇಢೆ ಹಂಚಿದರು. ಸೋತದ್ದಕ್ಕೆ ಯಾಕೆ ಪೇಢೆ ಎಂದು ಮಾಸ್ತರರು ಕೇಳಿದರು. “ಸೋತಾನ? ಯಾರ ಹೇಳ್ಯಾರ? ಎರಡೂ ಸಲ ಬೋರಲ ಬಿದ್ದಾನಂತ. ಬೆನ್ನಿಗೆ ಏನೂ ಹತ್ತಿಲ್ಲ,” ಎಂದರು ಪೈಲ್ವಾನರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ ಎಂದು ಮಾಸ್ತರರು ಚುಚ್ಚಿದರು. ಪೈಲ್ವಾನರು ಅದನ್ನು ಆಟದ ನಿಯಮವೆಂದೇ ತಿಳಿದು, “ಹೌದಲ್ಲ ಮತ್ತ, ಅದನ್ನ ನಾ ಹೇಳಾಕತ್ತಿದ್ದು,” ಎಂದರು. ಮಾಸ್ತರರೂ ಪೇಢೆ ತಿಂದರು. ಎರಡನೆಯ, ಮೂರನೆಯ ಸುತ್ತು ಎಂದದ್ದು ಒಂದು ಅಂದಾಜು ಮಾತ್ರ ಎಂದು ವಿವರಿಸಿದರು.

ಮುಂದಿನ ವಾರ ಒಂದು ಮಧ್ಯಾಹ್ನ ಟಿವಿಯಲ್ಲಿ ಆ ಆಟ ಬಂತು. ಖಾನಾಪುರದ ಕೇಬಲ್ಲಿನವನು ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ನಾಲ್ಕು ದಿನ ಎರಡು ಹೊತ್ತು ಹಾಕಿದ. ಎಲ್ಲರೂ ನೋಡಿದರು. ನಾನು ನೋಡಲಿಲ್ಲ.

ತಮ್ಮನಿಗೆ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಕೂಡಿಬರಲಿಲ್ಲ. ಎಡಗಣ್ಣು ಪೂರಾ ಹೋಯಿತು. ಮನೆಗೆ ಬಂದಾಗ ಅಪ್ಪ ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದ, ಸಂತೆಯಲ್ಲಿ ಟಗರಿನ ಕಣ್ಣು ನೋಡುವ ಹಾಗೆ. ನಮ್ಮ ಕಡೆ ಟಗರಿನ ಕಾಳಗದ ಹುಚ್ಚು ಬಹಳ, ಅಪ್ಪನಿಗೂ ಇತ್ತು. “ಕಣ್ಣ ಐಬ ಇದ್ದ ಟಗರನ್ನ ನಮ್ಮ ಮಂದಿ ಕಾಳಗಕ್ಕ ಬಿಡ್ತಿದ್ದಿಲ್ಲ,” ಎಂದ. ಗಿಡಗಳ ಕಡೆಗೆ ಹೋದ. ನಿನಗೆ ಮೊದಲೇ ಗೊತ್ತಿತ್ತೇ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಎರಡು ತಿಂಗಳ ಮೇಲೆ ಒಂದು ಶಾಲೆಯಲ್ಲಿ ಆಟ ಕಲಿಸುವ ಕೆಲಸಕ್ಕೆ ತಮ್ಮ ಅರ್ಜಿ ಹಾಕಿದ. ಅದಕ್ಕೆ ರಹವಾಸಿ ದಾಖಲೆ, ಅಂದರೆ ಎಲ್ಲಿಯ ನಿವಾಸಿ ಎಂಬ ಪತ್ರ, ಬೇಕಾಯಿತು. ನಮ್ಮ ರೇಷನ್ ಕಾರ್ಡು ಇನ್ನೂ ಅಪ್ಪನ ಊರಿನಲ್ಲೇ ಇದ್ದುದರಿಂದ ದಾಖಲೆ ಸಿಗುವುದು ಖಾನಾಪುರದಲ್ಲಿ. ಒಂದು ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಜೊತೆ ರೈಲಿಗೆ ಬಂದ. ಹೆಂಗಸರ ಬೋಗಿಗೆ ಅವನನ್ನು ಒಯ್ಯುವಂತಿರಲಿಲ್ಲ. ಎಂದಿನ ಜಾಗದಲ್ಲೇ ಕೂತೆವು.

ಕ್ಯಾಸೆಟ್ಟು ನೋಡಿದ ಮೇಲೆ ವಾದ ಇನ್ನೂ ಹರಿತವಾಗಿತ್ತು. ಮಾಸ್ತರರಿಗೆ ಒಂದು ಹೊಸ ಅಂಶ ಸಿಕ್ಕಿತ್ತು. ಹೊಸಬನೊಬ್ಬ ಕೂತಿದ್ದಾನೆ ಎಂಬ ಹುರುಪಿಗೆ ಅದನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದರು.

“ನೋಡ್ರಿ, ಬಿದ್ದ ಪೆಟ್ಟೆಲ್ಲಾ ಒಂದ ಕಡೆಯಿಂದ. ಎದುರಿನವನ ಬಲಗೈ, ಇವನ ಎಡಗಡೆ. ಆರನೇ ಸುತ್ತಿನಿಂದ ಹನ್ನೆರಡನೇದರ ತನಕ ಅದ ಕೈ, ಅದ ಜಾಗಾ. ಒಮ್ಮೆನೂ ತಲಿ ತಗ್ಗಸಲಿಲ್ಲ. ಕುರುಡ ಇದ್ದ್ರೂ ತಪ್ಪಿಸಿಕೊಳ್ತಿದ್ದ.”

“ಕಾಣ್ಲಿಲ್ರೀ ಸರ,” ಎಂದ ನನ್ನ ತಮ್ಮ.

ತುಂಬ ವಿನಯದಿಂದ, ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವ ಹುಡುಗನ ಹಾಗೆ ಹೇಳಿದ. ಕನ್ನಡಕ ತೆಗೆದ. ಮಾಸ್ತರರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಆ ಮುಖವನ್ನು ನೋಡಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆ.

ಮೊದಲು ಎದ್ದವರು ಕಂಪೌಂಡರ್. ಓಡುವ ರೈಲಿನಲ್ಲಿ ಸೀಟು ಹಿಡಿದುಕೊಂಡು ಬಂದು, ತಮ್ಮನ ರೆಪ್ಪೆ ಎತ್ತಿ ನೋಡಿದರು.

“ಆಟದಾಗ ಹೋತೋ, ಮೊದಲ ಇತ್ತೋ?”

“ಮೊದಲ ಇತ್ತ್ರಿ.”

“ಯಾರಿಗೂ ಹೇಳಿದ್ದಿಲ್ಲ?”

“ನಮ್ಮಕ್ಕಗ ಅಷ್ಟ ಹೇಳಿದ್ದೆ,” ಎಂದು ನನ್ನ ಕಡೆ ತೋರಿಸಿದ. ನನ್ನ ಮೇಲೆ ದೂರು ಹೊರಿಸಬೇಕೆಂದು ಹೇಳಿದ್ದಲ್ಲ. ಕೇಳಿದರು, ಹೇಳಿದ.

ಕಂಪೌಂಡರ್ ನನ್ನನ್ನು ನೋಡಿದರು. “ಬಾಯಾರ, ಒಂದ ಮಾತ ನನಗ ಕೇಳಬಾರದಿತ್ತ? ದಿನಾ ಎದುರಿಗೆ ಕುಂದರ್ತಿದ್ನೆಲ್ರಿ,” ಎಂದರು. ಬೈಯಲಿಲ್ಲ. ತಮ್ಮ ಜಾಗಕ್ಕೆ ಹೋಗಿ ಕೂತು ಪತ್ರಿಕೆ ಬಿಡಿಸಿದರು, ಓದಲಿಲ್ಲ.

ಅಷ್ಟು ಹೊತ್ತಿಗೆ ಪೈಲ್ವಾನರಿಗೆ ಎಲ್ಲ ತಿಳಿದಿತ್ತು. ತಮ್ಮನ ಮುಖ ನೋಡಲಾರದೆ ನನಗೆ ಹೇಳಿದರು, “ಯವ್ವಾ, ತಪ್ಪ ನಂದಾತು. ನೀ ಕೇಳಿದಿ, ನಾ ಕುಸ್ತಿ ಮಾತ ಹೇಳಿದೆ. ಈ ಪಾಪ ನನ್ನ ತಲಿ ಮ್ಯಾಲ ಬಂತು.”

ಕಂಪೌಂಡರನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಅಪ್ಪನೂ ಬೇಡ ಎನ್ನುತ್ತಿದ್ದ. ನಾನು ಹುಡುಕಿದ್ದು ಹೂಂ ಎನ್ನುವವರನ್ನು. ಇಡೀ ಬೋಗಿಯಲ್ಲಿ ಹಾಗೆ ಹೇಳುವವರು ಒಬ್ಬರೇ ಎಂದು ಗೊತ್ತಿದ್ದು, ಅವರನ್ನೇ, ಬೇರೆಯವರು ಕೇಳಿಸಿಕೊಳ್ಳದ ದಿನ ನೋಡಿ ಕೇಳಿದ್ದೆ. ತಪ್ಪು ನಿಮ್ಮದಲ್ಲ ಎಂದು ಆ ಮುದುಕನಿಗೆ ಹೇಳಲು ಇಡಲಹೊಂಡದಿಂದ ಖಾನಾಪುರದವರೆಗೆ ಸಮಯವಿತ್ತು. ಹೇಳಲಿಲ್ಲ. ಸ್ಟೇಷನ್ ಬಂದಾಗ ತಮ್ಮನ ಎಡಗೈ ಹಿಡಿದುಕೊಂಡು, ಮೆಟ್ಟಿಲು ಎಲ್ಲಿದೆ ಎಂದು ಹೇಳುತ್ತ ಕೆಳಗಿಳಿದೆ.